ಎರಡು ಒದೆತ ತಾಳುವ ಸ್ಕೋಪ್

"ಒಂಬತ್ತ್ ಪಟ್ಟು ದೊಡ್ಡದ ಕಾಣ್ತದ ನೋಡ್ರಿ!" ಸೊಲ್ಲಾಪುರದ ಅಂಗಡಿಯಲ್ಲಿ ಏರ್‌ಗನ್ ಸ್ಕೋಪ್ ಕೇಳಿದರೆ ಮೊದಲು ಬರುವ ಮಾತು ಇದೇ. ಅಕ್ಕಲಕೋಟ ಅರಮನೆಯ ಶಸ್ತ್ರಾಗಾರ ನೋಡುತ್ತ ಬೆಳೆದ ನನ್ನ ಗೆಳೆಯ ಆ ಮಾತಿಗೇ ಮನಸೋತು ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿ.ಮೀ. ಗಾಜಿನ 3-9×40 ಸ್ಕೋಪೊಂದನ್ನು ಅಗ್ಗಕ್ಕೆ ತಂದ. ಹೊಲದಲ್ಲಿ ಮಣ್ಣಿನ ಒಡ್ಡಿಗೆ ಕಾಗದ ಅಂಟಿಸಿ ಹೊಡೆಯತೊಡಗಿದ ಕೆಲವೇ ದಿನಕ್ಕೆ ಒಳಗಿನ ಕೂಡುಗೆರೆ (ಕ್ರಾಸ್‌ಹೇರ್) ವಾಲಿತು.

ತಪ್ಪು ಗಾಜಿನದಲ್ಲ. ಸ್ಪ್ರಿಂಗ್ ಏರ್‌ಗನ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಬಂದೂಕು ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆ ಮುಟ್ಟಿ ತಟ್ಟನೆ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಗುಂಡಿನ ಬಂದೂಕಿಗೆಂದು ಮಾಡಿದ ಸ್ಕೋಪ್ ಹಿಂದಿನ ಒದೆತವನ್ನಷ್ಟೇ ನಿರೀಕ್ಷಿಸಿರುತ್ತದೆ. ಹಾಗಾಗಿ ಭಾರೀ ರೈಫಲ್‌ನ ಮೇಲೆ ವರ್ಷಗಟ್ಟಲೆ ಬಾಳಿದ್ದೂ ಇದರ ಮೇಲೆ ಕೆಡಬಹುದು. 'ಸ್ಪ್ರಿಂಗ್ ಏರ್‌ಗನ್‌ಗೆ ತಾಳುತ್ತದೆ' ಎಂದು ತಯಾರಕರೇ ಬರೆದಿರಬೇಕು. ಅಂಗಡಿಯವರ ಬಾಯಿಮಾತು ಸಾಲದು.

ಇನ್ನೊಂದು, ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಕೂಡುಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷ. ರೈಫಲ್ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಏರ್‌ಗನ್ನಿನ ಆಟ 10ರಿಂದ 40 ಮೀಟರ್ ಒಳಗಿನದು. ಬಂದೂಕನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ಮುಟ್ಟದೆ, ಕಣ್ಣನ್ನಷ್ಟೇ ಎಡಬಲಕ್ಕೆ ಸರಿಸಿ ನೋಡಬೇಕು. ಕೂಡುಗೆರೆ ಗುರಿಯ ಮೇಲೆ ಜಾರಿದರೆ ಆ ಸ್ಕೋಪ್ ಅಷ್ಟು ಹತ್ತಿರಕ್ಕೆ ಹೊಂದಿಲ್ಲ. 40 ಮಿ.ಮೀ. ಗಾಜಿನದಾದರೆ, ಕಣ್ಣು ಅಂಚಿಗೆ ಸರಿದಾಗ 10 ಮೀಟರ್‌ನಲ್ಲಿ ಗುರಿ ಒಂದೂವರೆ ಸೆಂಟಿಮೀಟರ್‌ಗೂ ಹೆಚ್ಚು ತಪ್ಪಬಲ್ಲದು. ಮುಂಭಾಗದ ಉಂಗುರ ತಿರುಗಿಸಿ 10 ಗಜದವರೆಗೆ ಹೊಂದಿಸುವಂಥದ್ದಕ್ಕೆ ನಾಲ್ಕು ದುಡ್ಡು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಂಬತ್ತು ಪಟ್ಟಿನ ಆಸೆಯೂ ಬೇಡ: ಮೇ ತಿಂಗಳ ಸೊಲ್ಲಾಪುರದ ಬಿಸಿಲಲ್ಲಿ ಅಷ್ಟು ಹಿಗ್ಗಿಸಿದರೆ ಕಾಣುವುದು ನೆಲದಿಂದೇಳುವ ಝಳವೇ.

ಸ್ಕೋಪನ್ನು ಬಂದೂಕಿಗೆ ಕೂರಿಸುವ ಮೌಂಟ್ ಒಂದೇ ತುಂಡಿನದಿರಲಿ, ಹಿಂದಕ್ಕೆ ಸರಿಯದಂತೆ ತಡೆಯುವ ಪಿನ್ ಇರಲಿ. ಗೆಳೆಯ ಕೊನೆಗೆ ಕೊಂಡದ್ದು ಇಂಥ ಮೌಂಟ್ ಇರುವ ಸ್ಕೋಪನ್ನೇ, ಬರೀ ನಾಲ್ಕು ಪಟ್ಟಿನದು.

ಅಂದಹಾಗೆ, 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಸಣ್ಣ ರಂಧ್ರದ ಸೈಟ್‌ನಿಂದಲೇ.

ಒಳ್ಳೆಯ ಸ್ಕೋಪ್ ಸಿಕ್ಕಿತೆಂದು ನಳಿಕೆಯನ್ನು ಹಕ್ಕಿಗಳತ್ತ ತಿರುಗಿಸಬೇಡಿ. ಸೊಲ್ಲಾಪುರದ ಪಕ್ಕದ ನಾನ್ನಜ್‌ನಲ್ಲಿ ಎರೆಭೂತ ಹಕ್ಕಿಗಾಗಿಯೇ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿಗೆ ಏರ್‌ಗನ್ನಿನಿಂದ ಮಾಡಿದ ಬೇಟೆಯೂ ಬೇಟೆಯೇ.