ಪಾಝ್ ಒತ್ತಬೇಡಿ: ಹಟ್ಟಿಯ ಹಾಡು ರೆಕಾರ್ಡ್ ಮಾಡೋಕೆ ಹೋಗಿ ನಾವು ಕಲಿತದ್ದು

ವರವು ಕಾವಲ್ ಅಂದ ತಕ್ಷಣ ನಮ್ಮ ಕ್ಲಾಸಲ್ಲಿ ಎಲ್ರಿಗೂ ನೆನಪಾಗೋದು ಡ್ರೋನ್. ಚಳ್ಳಕೆರೆಯ ಈ ಕಾವಲಿನಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2016ರ ನವೆಂಬರ್‌ನಲ್ಲಿ ರುಸ್ತುಂ-2 ಹಾರಿದ್ದು ಇಲ್ಲೇ, 2017ರ ಮೇ ತಿಂಗಳಲ್ಲಿ ರೇಂಜ್ ಉದ್ಘಾಟನೆ ಆಯ್ತು. ಅದಕ್ಕೂ ಮುಂಚೆ ಇದು ಅಮೃತಮಹಲ್ ಕಾವಲು, ಅಂದ್ರೆ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಹುಲ್ಲುಗಾವಲು. ಸುತ್ತಲಿನ ಹಳ್ಳಿ, ಹಟ್ಟಿಗಳ ಕುರಿ ದನ ಕೂಡ ಇಲ್ಲೇ ಮೇಯ್ತಿದ್ವು. ದನ ಕಾಯೋರಿದ್ದ ಕಡೆ ಹಾಡೂ ಇರುತ್ತೆ. ಆ ಹಾಡು ಕೇಳೋಕೆ ಮತ್ತು ರೆಕಾರ್ಡ್ ಮಾಡೋಕೆ ನಾವು ಮೂರು ಜನ ಹೋದ ವರ್ಷ ಒಂದು ಗೊಲ್ಲರಹಟ್ಟಿಗೆ ಹೋಗಿದ್ವಿ. ಅಲ್ಲಿ ಮಾಡಿದ ತಪ್ಪುಗಳೇ ಈ ಲೇಖನ.

ಮೊದಲು ಸ್ವಲ್ಪ ಹಿನ್ನೆಲೆ

ಲೈವ್ ಶೋನ ಅಭಿಮಾನಿಗಳೇ ರೆಕಾರ್ಡ್ ಮಾಡೋದು ಹಳೇ ಅಭ್ಯಾಸ. ಅಮೆರಿಕದ ಬ್ಲೂಗ್ರಾಸ್ ಸಂಗೀತ ಬ್ಯಾಂಜೊ, ಫಿಡಲ್, ಮ್ಯಾಂಡೊಲಿನ್ ಇಟ್ಕೊಂಡು ಹಾಡೋ ಹಳ್ಳಿಗಾಡಿನ ಶೈಲಿ. 1964ರಲ್ಲಿ ಜೆರ್ರಿ ಗಾರ್ಸಿಯಾ ಅನ್ನೋ ಹುಡುಗ ಗೆಳೆಯನ ಜೊತೆ ಕಾರಲ್ಲಿ ಟೇಪ್ ರೆಕಾರ್ಡರ್ ಹಾಕ್ಕೊಂಡು ಬ್ಲೂಗ್ರಾಸ್ ಶೋಗಳನ್ನ ಹುಡುಕ್ಕೊಂಡು ಹೋಗಿದ್ದ. ಮುಂದೆ ಅವನದೇ ಬ್ಯಾಂಡ್ ಗ್ರೇಟ್‌ಫುಲ್ ಡೆಡ್, ಶೋಗೆ ಬಂದು ಟೇಪ್ ಮಾಡೋರಿಗಾಗಿ 1984ರಿಂದ ಬೇರೆ ಜಾಗವನ್ನೇ ಮಾಡಿಕೊಡ್ತು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಉದಾಹರಣೆ ಸಿರಿಯಜ್ಜಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಈ ಅಜ್ಜಿಗೆ ಸಾವಿರಾರು ಹಾಡು ಬಾಯಿಗೆ ಬರ್ತಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಕೃಷ್ಣಮೂರ್ತಿ ಹನೂರು ಅವರು ಅಜ್ಜಿಯ ಹಾಡುಗಳನ್ನ ಸಂಗ್ರಹಿಸಿ ಪುಸ್ತಕ ಮಾಡಿದರು. ಯಾರೋ ಒಬ್ಬರು ಕೂತು ತಾಳ್ಮೆಯಿಂದ ಕೇಳಿಸಿಕೊಂಡಿದ್ದಕ್ಕೆ ಆ ಹಾಡು ಇವತ್ತು ನಮ್ಮ ಕೈಗೆ ಸಿಗ್ತಿದೆ.

ಪಾಠ 1: ನಿಮ್ಮ ಫೋನ್‌ಗೆ ಗಣೆ ಅಂದ್ರೆ ನಾಯ್ಸ್

ಕಾಡುಗೊಲ್ಲರ ವಾದ್ಯ ಗಣೆ. ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪನ ಕಾವ್ಯ ಹಾಡೋದು ಇದರ ಜೊತೆ. ಆವತ್ತು ತಾತ ಒಬ್ಬರು ಒಂದಷ್ಟು ಸಾಲು ಹಾಡೋರು, ಆಮೇಲೆ ಗಣೆ ಊದೋರು. ಗಣೆಯಲ್ಲಿ ಸ್ವರದ ಜೊತೆ ಉಸಿರೂ ಕೇಳುತ್ತೆ, ಅದೇ ಅದರ ಚೆಂದ.

ರೂಮಿಗೆ ಬಂದು ಕೇಳಿದ್ರೆ ಉಸಿರೇ ಇಲ್ಲ! ಯಾವುದೋ ಕೀಬೋರ್ಡ್ ಟೋನ್ ಥರ ಕೇಳ್ತಿತ್ತು. ಕಾರಣ ಸಿಂಪಲ್. ಫೋನಿನ ವಾಯ್ಸ್ ರೆಕಾರ್ಡರ್ ಮಾತಿಗೆ ಅಂತ ಮಾಡಿದ್ದು. ಒಂದೇ ಸಮ ಬರೋ 'ಸ್ಸ್' ಶಬ್ದವನ್ನ ಅದು ಫ್ಯಾನ್ ಸದ್ದು ಅಂದ್ಕೊಂಡು ಕಳೆದುಬಿಡುತ್ತೆ. ಇದೇ ನಾಯ್ಸ್ ಸಪ್ರೆಷನ್. ಇನ್ನೊಂದು ವಿಷಯ ಫ್ರೀಕ್ವೆನ್ಸಿ. ಎರಡೂ ಕಡೆ ತೆರೆದ ಒಂದು ಮೀಟರ್ ಕೊಳವೆಯ ಮೂಲ ಸ್ವರ ಸುಮಾರು 343 ÷ 2, ಅಂದ್ರೆ 171 ಹರ್ಟ್ಸ್. ಹಳೇ ಟೆಲಿಫೋನ್ ಬ್ಯಾಂಡ್ ಶುರುವಾಗೋದೇ 300 ಹರ್ಟ್ಸ್‌ನಿಂದ. ಮಾತಿಗೆ ಸಾಕಾಗೋದು ಗಣೆಗೆ ಸಾಕಾಗಲ್ಲ.

ಏನ್ ಮಾಡ್ಬೇಕು: ನಾಯ್ಸ್ ಸಪ್ರೆಷನ್ ಮತ್ತು ಆಟೋ ಗೇನ್ ಎರಡನ್ನೂ ಆಫ್ ಮಾಡೋಕೆ ಬಿಡೋ ರೆಕಾರ್ಡಿಂಗ್ ಆ್ಯಪ್ ಹಾಕ್ಕೊಳ್ಳಿ. ಆಟೋ ಗೇನ್ ಯಾಕೆ ಬೇಡ ಅಂದ್ರೆ, ಪಕ್ಕದಲ್ಲಿ ಉರುಮೆ ಬಡಿದ ಕೂಡಲೇ ಅದು ಹೆದರಿ ವಾಲ್ಯೂಮ್ ಇಳಿಸುತ್ತೆ, ತಾತನ ದನಿಯೂ ಮುಳುಗುತ್ತೆ. ಗೇನ್ ನೀವೇ ಸೆಟ್ ಮಾಡಿ, ಅತಿ ಜೋರಾದ ಕಡೆ ಮೀಟರ್ -12 ಡೆಸಿಬೆಲ್ ಹತ್ತಿರ ನಿಲ್ಲಲಿ. ಕಮ್ಮಿ ಆದ್ರೆ ಆಮೇಲೆ ಏರಿಸಬಹುದು. ಕ್ಲಿಪ್ ಆಗಿದ್ದನ್ನ ಸರಿಮಾಡೋದು ತುಂಬಾ ಕಷ್ಟ.

ಪಾಠ 2: ಹತ್ತಿರ ಕೂತ್ಕೊಳ್ಳಿ, ಬಾಯಿ ಮುಚ್ಚಿ

ಬಯಲಿನಲ್ಲಿ ದೂರ ಎರಡರಷ್ಟಾದ್ರೆ ಶಬ್ದ 6 ಡೆಸಿಬೆಲ್ ಇಳಿಯುತ್ತೆ. ನಾವು ಸಂಕೋಚದಿಂದ ತಾತನಿಂದ 4 ಮೀಟರ್ ದೂರ ಕೂತಿದ್ವಿ. ನಮ್ಮ ಬಾಯಿ ಫೋನಿನಿಂದ ಅರ್ಧ ಮೀಟರ್. ಅರ್ಧದಿಂದ ಒಂದು, ಒಂದರಿಂದ ಎರಡು, ಎರಡರಿಂದ ನಾಲ್ಕು: ಮೂರು ಸಲ ಡಬಲ್, ಅಂದ್ರೆ 18 ಡೆಸಿಬೆಲ್ ವ್ಯತ್ಯಾಸ. ಅದಕ್ಕೇ ನಮ್ಮ ರೆಕಾರ್ಡಿಂಗಲ್ಲಿ ಜುಂಜಪ್ಪನಿಗಿಂತ "ಮಗಾ ಚಾರ್ಜ್ ಎಷ್ಟಿದೆ?" ಅನ್ನೋದು ಚೆನ್ನಾಗಿ ಕೇಳುತ್ತೆ.

ಒಂದೂವರೆ ಮೀಟರ್ ದೂರದಲ್ಲಿ ಟ್ರೈಪಾಡ್ ಇಡಿ, ಕೇಳಿ ಇಡಿ. ಲೌಡ್ ಸ್ಪೀಕರ್ ಮುಂದೆ ಮಾತ್ರ ಇಡಬೇಡಿ, ನಿಮಗೆ ಸಿಗೋದು ಸ್ಪೀಕರ್ ದನಿ. ಬಯಲುಸೀಮೆಯ ಗಾಳಿಗೆ ಸ್ಪಂಜಿನ ಟೋಪಿ ಬೇಕೇ ಬೇಕು. ಇಲ್ಲ ಅಂದ್ರೆ ತೆಳುವಾದ ಉಣ್ಣೆ ಬಟ್ಟೆ ಸುತ್ತಿ. ನಾವು ಒಂದು ಕಾಲುಚೀಲ ಹಾಕಿದ್ವಿ, ಒಗೆದಿದ್ದೇ.

ಪಾಠ 3: ಪಾಝ್ ಒತ್ತಬೇಡಿ

ಇದೇ ಮುಖ್ಯ ಪಾಠ. ಸ್ಟೋರೇಜ್ ಉಳಿಸೋಣ ಅಂತ ಹಾಡು ಮುಗಿದ ಕೂಡಲೇ ಪಾಝ್ ಮಾಡ್ತಿದ್ವಿ. ಹಾಡಿನ ನಡುವೆ ತಾತ ಎಲೆಅಡಿಕೆ ಹಾಕ್ಕೊಂಡು ಮಾತಾಡ್ತಿದ್ರು. ಈ ಹಾಡು ಯಾರಿಂದ ಕಲಿತಿದ್ದು, ದನ ಹೊಡ್ಕೊಂಡು ಯಾವ ದಾರೀಲಿ ಹೋಗ್ತಿದ್ವಿ, ಕಾವಲಿನಲ್ಲಿ ಯಾವ ಗುಂಡಿ, ಯಾವ ಮರ, ಅದಕ್ಕೆ ಏನು ಹೆಸರು. ಆ ಜಾಗ ಎಲ್ಲಾ ಈಗ ಬೇಲಿಯಾಚೆ ಇದೆ. ಮೂರನೇ ಸಲ ಪಾಝ್ ಒತ್ತಿದಾಗ ತಾತನೇ ಕೇಳಿದ್ರು, "ಯಾಕ್ರಪ್ಪಾ, ಅದನ್ನ ಆರಿಸಿಬಿಟ್ರಿ? ನಾನಿನ್ನೂ ಹೇಳ್ತಾ ಇದೀನಲ್ಲ."

"ಇಲ್ಲ ತಾತ, ಹಾಡು ಮುಗೀತಲ್ಲ" ಅಂದ್ವಿ. ತಾತ ನಕ್ಕು ಸುಮ್ಮನಾದ್ರು.

ಎರಡು ತಿಂಗಳು ಬಿಟ್ಟು ಮತ್ತೆ ಹೋಗಿ ಆ ಜಾಗಗಳ ಹೆಸರು ಕೇಳಿದ್ವಿ. ಆರು ಹೇಳಿದ್ರು. ಆವತ್ತು ಇನ್ನೂ ಜಾಸ್ತಿ ಹೇಳಿದ್ದು ನಮ್ಮ ಮೂರೂ ಜನಕ್ಕೆ ನೆನಪಿದೆ, ಹೆಸರು ಮಾತ್ರ ಯಾರಿಗೂ ನೆನಪಿಲ್ಲ. ಹಾಡನ್ನ ಹಾಡೋರು ಅಕ್ಕಪಕ್ಕದ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ತಾತನ ಆ ಮಾತು ತಾತನ ಹತ್ರ ಮಾತ್ರ ಇತ್ತು.

ಉಳಿಸಿದ ಸ್ಟೋರೇಜ್ ಎಷ್ಟು ಅಂತ ಆಮೇಲೆ ಲೆಕ್ಕ ಹಾಕಿದ್ವಿ. 48,000 ಸ್ಯಾಂಪಲ್, 16 ಬಿಟ್, ಮೋನೊ ವೇವ್ ಫೈಲ್ ಅಂದ್ರೆ ಸೆಕೆಂಡಿಗೆ 96,000 ಬೈಟ್. ಗಂಟೆಗೆ ಸುಮಾರು 346 ಎಂಬಿ. ಇಡೀ ಮೂರು ಗಂಟೆಗೆ ಹತ್ತಿರ ಹತ್ತಿರ 1 ಜಿಬಿ. ಆವತ್ತು ನಮ್ಮೊಬ್ಬನ ಫೋನಲ್ಲಿ ಎರಡು ಗೇಮ್ ಇದ್ವು, ಒಂದೊಂದೂ ಅದಕ್ಕಿಂತ ದೊಡ್ಡವು.

ಪಾಠ 4: ದನಿ ಯಾರದ್ದು?

ಜನಪದ ಹಾಡಿಗೆ ಕವಿ ಯಾರಂತ ಗೊತ್ತಿಲ್ಲ, ಹಾಗಾದ್ರೆ ಯಾರು ಬೇಕಾದ್ರೂ ಅಪ್‌ಲೋಡ್ ಮಾಡಬಹುದು ಅಂದ್ಕೊಂಡಿದ್ವಿ. ತಪ್ಪು. 1957ರ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಹಾಡಿದವರಿಗೂ ಅವರ ಪ್ರದರ್ಶನದ ಮೇಲೆ ಹಕ್ಕಿದೆ, ಅದು 50 ವರ್ಷ ಇರುತ್ತೆ. ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ನಟನ ಜೊತೆ ಹಾವಾಡಿಗ, ದೊಂಬರಾಟದವರು, ಲೆಕ್ಚರ್ ಕೊಡೋರು ಕೂಡ ಇದ್ದಾರೆ! 39ನೇ ಸೆಕ್ಷನ್ ಸ್ವಂತಕ್ಕೆ ಕೇಳೋಕೆ, ಪಾಠಕ್ಕೆ, ಸಂಶೋಧನೆಗೆ ರೆಕಾರ್ಡ್ ಮಾಡೋಕೆ ಬಿಡುತ್ತೆ. ಚಾನೆಲ್‌ಗೆ ಹಾಕಿ ವ್ಯೂಸ್ ತಗೊಳ್ಳೋದು ಬೇರೆ ವಿಷಯ, ಅದಕ್ಕೆ ಒಪ್ಪಿಗೆ ಬೇಕು.

ಕಾನೂನು ಬಿಡಿ, ಮರ್ಯಾದೆ ಅಂತಾನೂ ಒಂದಿದೆ. ಮೊದಲ ಕಾಪಿ ಹಾಡಿದವರಿಗೆ ಕೊಡಿ. ಎರಡನೇ ಸಲ ಹೋದಾಗ ನಾವು ಪೆನ್‌ಡ್ರೈವ್ ತಗೊಂಡು ಹೋಗಿದ್ವಿ. ಮೊಮ್ಮಗ ಅದನ್ನ ಟ್ರ್ಯಾಕ್ಟರ್ ಸ್ಟೀರಿಯೋಗೆ ಹಾಕಿದ. ತಾತ ಪೂರ್ತಿ ಕೇಳಿ, "ಇಲ್ಲಿ ಒಂದು ಸಾಲು ಬಿಟ್ಟೀನಿ" ಅಂತ ಅಲ್ಲೇ ಹಾಡಿ ತೋರಿಸಿದ್ರು. ಆಗ ನಾವು ರೆಕಾರ್ಡಿಂಗ್ ಆನ್ ಮಾಡಿದ್ವಿ.

ಹೋಗೋ ಮುಂಚೆ ಚೆಕ್ ಮಾಡ್ಕೊಳ್ಳಿ

1. ಫೋನ್ ಏರ್‌ಪ್ಲೇನ್ ಮೋಡಲ್ಲಿರಲಿ, ಪವರ್ ಬ್ಯಾಂಕ್ ಜೊತೆಗಿರಲಿ, 2 ಜಿಬಿ ಖಾಲಿ ಇರಲಿ.
2. ಶುರುವಿನಲ್ಲಿ ನಿಮ್ಮ ದನಿಯಲ್ಲೇ ತಾರೀಖು, ಊರು, ಹಾಡೋರ ಹೆಸರು ಹೇಳಿ. ಫೈಲ್ ಹೆಸರು ಬದಲಾದ್ರೂ ಇದು ಉಳಿಯುತ್ತೆ.
3. ಒಂದು ನಿಮಿಷ ಟೆಸ್ಟ್ ಮಾಡಿ ಇಯರ್‌ಫೋನಲ್ಲಿ ಕೇಳಿ.
4. ಕೊನೇ ಮನುಷ್ಯ ಎದ್ದು ಹೋಗೋವರೆಗೂ ನಿಲ್ಲಿಸಬೇಡಿ.
5. ಅದೇ ರಾತ್ರಿ ಎರಡು ಕಡೆ ಕಾಪಿ ಮಾಡಿ. ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಮುಂದಿನ ಹಬ್ಬಕ್ಕೆ ನಾವು ಮತ್ತೆ ಹೋಗ್ತಿದ್ದೀವಿ. ಈ ಸಲ ತಾತನ ಜೊತೆ ಬೇಲಿ ಪಕ್ಕದ ದಾರೀಲಿ ನಡ್ಕೊಂಡು ಹೋಗಿ ಜಾಗಗಳ ಹೆಸರು ರೆಕಾರ್ಡ್ ಮಾಡೋ ಪ್ಲಾನ್ ಇದೆ. ಬರೋರು ಕ್ಲಬ್‌ನಲ್ಲಿ ಹೆಸರು ಕೊಡಿ. ಕಾಲುಚೀಲ ಒಗೆದು ತನ್ನಿ.