ಫೋನ್ ಆರಿಸೋದು ಮನೆಯಲ್ಲಿ, ಕೊಳ್ಳೋದು ಅಂಗಡಿಯಲ್ಲಿ

ಮಗಾ, ಶೇಂಗಾ ಕಿತ್ತು, ಈರುಳ್ಳಿ ಲೋಡು ಯಶವಂತಪುರದ ಮಂಡಿಗೆ ಹೋಗಿ, ದುಡ್ಡು ಕೈಗೆ ಬರೋ ಹೊತ್ತಿಗೆ ನಮ್ಮೂರು ಹರಿಯಬ್ಬೆಯ ಹುಡುಗರಿಗೆಲ್ಲ ಒಂದೇ ಧ್ಯಾನ: ಹಿರಿಯೂರಿಗೆ ಹೋಗಿ ಹೊಸ ಫೋನ್ ತರಬೇಕು. ತರಬಾರದು ಅಂತ ನಾನು ಹೇಳೋದಿಲ್ಲ. ಪಹಣಿ, ಬೆಳೆ ವಿಮೆ, ಮಂಡಿ ರೇಟು, ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರೊಳಗೇ ಸೇರಿಕೊಂಡಿರುವಾಗ ಫೋನ್ ಶೋಕಿಯ ಸಾಮಾನಾಗಿ ಉಳಿದಿಲ್ಲ. ಆದರೆ ಹತ್ತು ಹದಿನೈದು ಸಾವಿರ ಅಂದರೆ ಬಿತ್ತನೆಗೋ ಗೊಬ್ಬರಕ್ಕೋ ಆಗೋ ದುಡ್ಡು. ಅದನ್ನು ಕೊಡೋ ಮೊದಲು ಒಂದು ಮಾತು ಕೇಳಿಸಿಕೋ.

ಯಾವ ಫೋನ್ ಅನ್ನೋದನ್ನು ಮನೆಯಲ್ಲೇ ತೀರ್ಮಾನ ಮಾಡು. ಅಂಗಡಿಗೆ ಕೊಳ್ಳೋದಕ್ಕೆ ಮಾತ್ರ ಹೋಗು. ಅಲ್ಲಿಗೆ ಹೋಗಿ ನೋಡಿ ಆರಿಸ್ತೀನಿ ಅಂತ ಹೊರಟರೆ, ಆರಿಸೋನು ನೀನಾಗಿರೋದಿಲ್ಲ. ನೀನು ಮೆಟ್ಟಿಲು ಹತ್ತೋ ಮೊದಲೇ ನಿನ್ನ ಪಾಲಿನ ಆಯ್ಕೆಯನ್ನು ಬೇರೆ ಯಾರೋ ಮಾಡಿಟ್ಟಿರ್ತಾರೆ.

ಇದು ನಿನಗೆ ಹೊಸ ವಿಷಯವೇನಲ್ಲ. ಶೇಂಗಾಗೆ ಟಿಕ್ಕಾ ರೋಗ ಬಿದ್ದಾಗ ಎಲೆ ಕಿತ್ತುಕೊಂಡು ಔಷಧಿ ಅಂಗಡಿಗೆ ಓಡ್ತೀವಿ. ಅವರು ಒಂದು ಬಾಟಲಿ ಕೊಡ್ತಾರೆ, ಜೊತೆಗೆ ಇನ್ನೊಂದು ಪ್ಯಾಕೆಟ್ಟೂ ಕೊಡ್ತಾರೆ. ರೋಗಕ್ಕೆ ಬೇಕು ಅಂತ ಕೊಟ್ಟರೋ, ಆ ಕಂಪನಿಯ ಸ್ಕೀಮ್ ನಡೀತಿದೆ ಅಂತ ಕೊಟ್ಟರೋ, ನಮಗೆ ತಿಳಿಯೋದಿಲ್ಲ. ಫೋನಿನ ವ್ಯಾಪಾರವೂ ಇದೇ ದಾರಿಯಲ್ಲಿ ನಡೆಯುತ್ತೆ, ಮೊತ್ತ ಮಾತ್ರ ದೊಡ್ಡದು.

ಮೊದಲು ಜಾಹೀರಾತಿನ ಗದ್ದಲದ ಲೆಕ್ಕ ನೋಡೋಣ. 2016ರಲ್ಲಿ ಐಪಿಎಲ್ ಹೆಸರಿನ ಮುಂದೆ ವಿವೋ ಬಂತು. ಮುಂದಿನ ವರ್ಷ ಅದೇ ಕಂಪನಿ ಇನ್ನೂ 5 ವರ್ಷದ ಹಕ್ಕಿಗೆ 2,199 ಕೋಟಿ ರೂಪಾಯಿ ಕೂಗಿತು. ಅದೇ 2017ರಲ್ಲಿ ಭಾರತ ತಂಡದ ಅಂಗಿಯ ಮೇಲೆ ಒಪ್ಪೋ ಹೆಸರು ಕೂತಿತು. ಒಪ್ಪಂದ 1,079 ಕೋಟಿಯದು. ಅದೇ ಕಾಲದಲ್ಲಿ ಊರೂರಿನ ಮೊಬೈಲ್ ಅಂಗಡಿಗಳ ಮೇಲೆ ನೀಲಿ ಬೋರ್ಡು, ಹಸಿರು ಬೋರ್ಡು ಎದ್ದವು. ಸಿನಿಮಾ ನಟರು, ಕ್ರಿಕೆಟ್ ಆಟಗಾರರು ಫೋನ್ ಹಿಡಿದು ನಿಂತರು. ಜಾಹೀರಾತು ಕೊಡೋದು ತಪ್ಪಲ್ಲ. ಆದರೆ ಆ ಖರ್ಚೆಲ್ಲ ಕೊನೆಗೆ ಹುಟ್ಟಬೇಕಾದ್ದು ಫೋನ್ ಮಾರಿ ಬಂದ ದುಡ್ಡಿನಲ್ಲೇ ಅನ್ನೋದು ನಿನ್ನ ತಲೆಯಲ್ಲಿರಲಿ.

ಗದ್ದಲಕ್ಕೂ ಬಾಳಿಕೆಗೂ ಸಂಬಂಧ ಇಲ್ಲ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಯುಟಿಎಲ್, ದೆಹಲಿಯ ಜೈನಾ ಸಮೂಹ ಎರಡೂ ಸೇರಿ 2009ರಲ್ಲಿ ಕಾರ್ಬನ್ ಅನ್ನೋ ಫೋನ್ ಶುರು ಮಾಡಿದವು. ಐಪಿಎಲ್‌ನಲ್ಲಿ ಯಾರಾದರೂ ಹಾರಿ ಚೆಂಡು ಹಿಡಿದರೆ ಸಾಕು, ವೀಕ್ಷಕ ವಿವರಣೆಯಲ್ಲಿ ‘ಕಾರ್ಬನ್ ಕಮಾಲ್ ಕ್ಯಾಚ್’ ಅನ್ನೋ ಮಾತು ಬರ್ತಿತ್ತು. ನಿಮ್ಮಪ್ಪನ ಓರಗೆಯ ಎಷ್ಟೋ ಜನರ ಕೈಯಲ್ಲಿ ಆ ಫೋನ್ ಇತ್ತು. ಇವತ್ತು ದೊಡ್ಡ ಅಂಗಡಿಗಳ ಸಾಲಿನಲ್ಲಿ ಆ ಹೆಸರು ಕಾಣೋದೇ ಅಪರೂಪ. ಕಿವಿಗೆ ಬಿದ್ದಷ್ಟೂ ಒಂದು ಹೆಸರು ಒಳ್ಳೆಯದು ಅನ್ನಿಸೋದು ಮನುಷ್ಯನ ಸ್ವಭಾವ. ರಿಪೇರಿ ಮಾಡೋರು ಸಿಗೋದು ಬೇರೆ ವಿಷಯ.

ಇನ್ನು ಅಂಗಡಿಯ ಒಳಗೆ ಬಾ. ಕಂಪನಿಯ ಹೆಸರಿರೋ ಟೀ ಶರ್ಟ್ ಹಾಕಿದ ಹುಡುಗನೋ ಹುಡುಗಿಯೋ ‘ಬನ್ನಿ ಅಣ್ಣ, ಎಷ್ಟರೊಳಗೆ ನೋಡ್ತೀರಾ?’ ಅಂತ ಎದುರಿಗೆ ಬರ್ತಾರೆ. ಅವರು ಅಂಗಡಿಯ ಆಳು ಅಂತ ನೀನು ಅಂದುಕೊಳ್ತೀಯ. ಬಹಳಷ್ಟು ಕಡೆ ಅವರು ಕಂಪನಿಯೇ ಕೂರಿಸಿರೋ ಪ್ರಮೋಟರ್. ಸಂಬಳ ಕಂಪನಿಯ ಕಡೆಯಿಂದ, ಅದರ ಮೇಲೆ ಮಾರಿದ ಒಂದೊಂದು ಫೋನಿಗೂ ಇನ್ಸೆಂಟಿವ್. ಎಲ್ಲ ಮಾಡೆಲ್ಲಿಗೂ ಒಂದೇ ಇನ್ಸೆಂಟಿವ್ ಇರೋದಿಲ್ಲ. ಯಾವುದನ್ನು ಬೇಗ ಖಾಲಿ ಮಾಡಬೇಕೋ ಅದಕ್ಕೆ ಜಾಸ್ತಿ. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟದಿದ್ದರೆ ಮೇಲಿನವರ ಫೋನು, ಮುಟ್ಟಿದರೆ ಕೈಗೆ ನಾಲ್ಕು ಕಾಸು. ಹಾಗಾಗಿ 28ನೇ ತಾರೀಖು ನಿನಗೆ ‘ಇದೇ ಬೆಸ್ಟು’ ಅಂತ ತೋರಿಸಿದ ಫೋನ್, 5ನೇ ತಾರೀಖು ಬೆಸ್ಟ್ ಆಗಿರದೇ ಇರಬಹುದು.

ಅಂಗಡಿ ಮಾಲೀಕರ ಲೆಕ್ಕವೂ ಇದೇ ತರಹದ್ದು. ಒಂದು ಫೋನ್ ಮಾರಿದರೆ ಇಂತಿಷ್ಟು ಮಾರ್ಜಿನ್, ಇಷ್ಟು ಫೋನ್ ದಾಟಿದರೆ ಇನ್ನಷ್ಟು, ಶೋಕೇಸಿನ ಒಳ್ಳೆ ಜಾಗ ಕೊಟ್ಟರೆ ಅದಕ್ಕೆ ಬೇರೆ. ಡಬ್ಬ ಅಲ್ಲೇ ಒಡೆದು, ನಿನ್ನ ಸಿಮ್ ಹಾಕಿ, ಚಾಲೂ ಮಾಡಿಯೇ ಕೊಡ್ತೀವಿ ಅನ್ನೋದರ ಹಿಂದೆಯೂ ಅನೇಕ ಸಲ ಇದೇ ಲೆಕ್ಕ ಇರುತ್ತೆ: ಫೋನ್ ಆ್ಯಕ್ಟಿವೇಟ್ ಆದದ್ದು ಕಂಪನಿಗೆ ಗೊತ್ತಾದರೇನೇ ಆ ಮಾರಾಟ ಸ್ಕೀಮಿಗೆ ಸೇರೋದು. ಗ್ಲಾಸು, ಕವರು, ಇಯರ್‌ಫೋನು, ಹೆಚ್ಚುವರಿ ವಾರಂಟಿ ಅಂತ ಒಂದರ ಮೇಲೊಂದು ಹೇಳೋದೂ ಅದರಲ್ಲಿ ಉಳಿಯೋ ಲಾಭ ಚೆನ್ನಾಗಿರೋದರಿಂದ.

ಮಾರ್ಜಿನ್ ಎಷ್ಟು ಗಟ್ಟಿ ಅನ್ನೋದು 2024ರಲ್ಲಿ ಎಲ್ಲರಿಗೂ ಕಾಣೋ ಹಾಗೆ ಬಯಲಿಗೆ ಬಂತು. ದಕ್ಷಿಣ ಭಾರತದ ಮೊಬೈಲ್ ಅಂಗಡಿ ಸರಪಳಿಗಳ ಸಂಘ ಒನ್‌ಪ್ಲಸ್ ಕಂಪನಿಗೆ ಪತ್ರ ಬರೆದು, ಮೇ 1ರಿಂದ ನಿಮ್ಮ ಫೋನ್ ಮಾರೋದನ್ನು ನಿಲ್ಲಿಸ್ತೀವಿ ಅಂತ ಹೇಳಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸುಮಾರು 4,500 ಅಂಗಡಿಗಳ ಮಾತು ಅದು. ಮಾರ್ಜಿನ್ ತೀರಾ ಕಡಿಮೆ, ವಾರಂಟಿ ಕ್ಲೇಮು ತಡ, ಬೇಡದ ಸಾಮಾನನ್ನು ಜೊತೆಗೆ ಕಟ್ಟಿ ಕಳಿಸ್ತೀರಿ ಅನ್ನೋದು ಅವರ ದೂರು. ಅಂಗಡಿಯವರದ್ದು ನ್ಯಾಯವಾದ ಕಷ್ಟವೇ. ಬಾಡಿಗೆ, ಕರೆಂಟು, ಸಂಬಳ ಅವರಿಗೂ ಇದೆ. ನೀನು ಗಮನಿಸಬೇಕಾದ್ದು ಬೇರೆ. ಏಪ್ರಿಲ್ 30ಕ್ಕೂ ಮೇ 1ಕ್ಕೂ ಆ ಫೋನಿನ ಗುಣ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಆದರೂ ಅದು ಗಿರಾಕಿಯ ಮುಂದೆ ಬರಬೇಕೋ ಬೇಡವೋ ಅನ್ನೋದು ಅದರ ಗುಣವನ್ನು ಬಿಟ್ಟು ಬೇರೆ ಲೆಕ್ಕದ ಮೇಲೆ ನಿಂತಿತ್ತು. ಅಂಗಡಿಯಲ್ಲಿ ನಿನಗೆ ತೋರಿಸಿದ ಮೂರು ಫೋನಿಗಿಂತ, ತೋರಿಸದೇ ಬಿಟ್ಟ ಫೋನುಗಳೇ ಜಾಸ್ತಿ ಅನ್ನೋದು ನೆನಪಿರಲಿ.

ತೋರಿಸಿದ ಆ ಮೂರರ ನಡುವೆಯೂ ಪೈಪೋಟಿ ಇದೆ ಅಂತ ನಂಬಬೇಡ. ರಿಯಲ್‌ಮಿ ಹುಟ್ಟಿದ್ದು 2018ರಲ್ಲಿ ಒಪ್ಪೋ ಮನೆಯಲ್ಲಿ. ಐಕೂ ವಿವೋ ಕಡೆಯದು. ರೆಡ್ಮಿ, ಪೊಕೊ ಎರಡೂ ಶಿಯೋಮಿ ಬಳಗದವು. ಡಬ್ಬದ ಬಣ್ಣ ಬೇರೆ ಆದ ಮಾತ್ರಕ್ಕೆ ಮನೆ ಬೇರೆ ಅಂತ ಅಲ್ಲ.

ಹಾಗಾದರೆ ಆನ್‌ಲೈನಲ್ಲೇ ತರಿಸ್ತೀನಿ ಅಂತೀಯ. ತರಿಸು, ಆದರೆ ಅಲ್ಲಿಯೂ ಕಣ್ಣು ಬಿಟ್ಟುಕೊಂಡಿರು. 2014ರ ಜುಲೈನಲ್ಲಿ ಶಿಯೋಮಿ ಫ್ಲಿಪ್‌ಕಾರ್ಟ್ ಮೂಲಕ ಎಂಐ 3 ಮಾರಿದಾಗ ಸೆಕೆಂಡುಗಳ ಲೆಕ್ಕದಲ್ಲಿ ಖಾಲಿ ಅನ್ನೋ ಸುದ್ದಿಯೇ ದೊಡ್ಡ ಜಾಹೀರಾತಾಯ್ತು. ಸಿಗೋದಿಲ್ಲ ಅಂದಷ್ಟೂ ಬೇಕು ಅನ್ನಿಸುತ್ತೆ. ಆಮೇಲೆ ಕೆಲವು ಮಾಡೆಲ್ಲು ಒಂದೇ ತಾಣದಲ್ಲಿ ಮಾತ್ರ ಅನ್ನೋ ಪದ್ಧತಿ ಬೆಳೆಯಿತು. ಅದರ ಬಗ್ಗೆ, ಆಯ್ದ ಮಾರಾಟಗಾರರಿಗೆ ಕೊಡೋ ಆದ್ಯತೆಯ ಬಗ್ಗೆ ವ್ಯಾಪಾರಿಗಳು ದೂರಿದಾಗ, 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ತನಿಖೆ ಬೇಡ ಅಂತ ಎರಡೂ ಕಂಪನಿಗಳು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿಗೆ. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈನಲ್ಲಿ ವಿಭಾಗೀಯ ಪೀಠ, ಎರಡೂ ಅವರ ಮನವಿಯನ್ನು ತಳ್ಳಿಹಾಕಿದವು.

‘ಇನ್ನು ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತೆ’ ಅಂತ ಪರದೆ ಮೇಲೆ ಗಡಿಯಾರ ಓಡುತ್ತಲ್ಲ, ಅದು ಸುಳ್ಳಾಗಿದ್ದರೆ ಕಾನೂನಿಗೆ ವಿರುದ್ಧ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸೋದು, ಕೇಳದ ಸಾಮಾನನ್ನು ಬಿಲ್ಲಿಗೆ ಸೇರಿಸೋದು ಎರಡೂ ಆ ಪಟ್ಟಿಯಲ್ಲಿವೆ. ಅವಸರ ಮಾಡಿಸಿದ ಕಡೆ ಒಂದು ದಿನ ತಡ ಮಾಡು.

ಕಂತಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಮ್ಮೂರಲ್ಲಿ ಜನ ಎಡವೋದು ಇಲ್ಲೇ. ‘ಝೀರೋ ಬಡ್ಡಿ ಅಣ್ಣ, ಆಧಾರ್ ಕಾರ್ಡ್ ಇದ್ದರೆ ಸಾಕು’ ಅಂತ ಫೈನಾನ್ಸ್ ಕಂಪನಿಯ ಹುಡುಗನೂ ಅದೇ ಅಂಗಡಿಯಲ್ಲಿ ಕೂತಿರ್ತಾನೆ. ಅವನಿಗೂ ಟಾರ್ಗೆಟ್ ಇದೆ. ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿ, ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಹೆಸರಲ್ಲಿ ಮುಚ್ಚಿಡಲಾಗುತ್ತೆ ಅಂತ ಎಚ್ಚರಿಸಿತ್ತು. ಲೆಕ್ಕ ಹೀಗೆ ಹಾಕು. ಫೋನಿಗೆ ಕಂತಿನಲ್ಲಿ 15,000, ಪ್ರೊಸೆಸಿಂಗ್ ಫೀ 500 ಅಂದುಕೋ. ಅದೇ ಫೋನ್ ನಗದು ಕೊಟ್ಟರೆ 14,200ಕ್ಕೆ ಬಿಡ್ತೀನಿ ಅಂದರೆ, ನಿನ್ನ ‘ಝೀರೋ ಬಡ್ಡಿ’ಯ ಬೆಲೆ 1,300 ರೂಪಾಯಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕಂತು ತಿಂಗಳು ತಿಂಗಳು ಬರುತ್ತೆ. ಈರುಳ್ಳಿ ದುಡ್ಡು ಹಾಗೆ ಬರೋದಿಲ್ಲ. ರೇಟು ಬಿದ್ದ ವರ್ಷ ಎರಡು ಕಂತು ತಪ್ಪಿದರೆ ದಂಡ, ಸಾಲದ ದಾಖಲೆ ಇಡೋ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ. ನಾಳೆ ಡ್ರಿಪ್‌ಗೋ ಟ್ರ್ಯಾಕ್ಟರಿಗೋ ಸಾಲ ಕೇಳಲು ಹೋದಾಗ ಆ ಚುಕ್ಕೆ ಅಡ್ಡ ಬರುತ್ತೆ. ಕೈಯಲ್ಲಿರೋ ದುಡ್ಡಿನಲ್ಲೇ ಫೋನ್ ತಗೋ.

ಈಗ ಏನು ಮಾಡಬೇಕು ಅನ್ನೋದು. ಒಂದು ಚೀಟಿಯಲ್ಲಿ ನಿನ್ನ ಅಗತ್ಯ ಬರಿ. ಹೊಲದಲ್ಲಿ ಬ್ಯಾಟರಿ ಇಡೀ ದಿನ ಬರಬೇಕಾ? ತೋಟದ ಮೂಲೆಯಲ್ಲಿ ಯಾವ ಸಿಮ್ಮಿನ ಸಿಗ್ನಲ್ ಸಿಗುತ್ತೆ? 5ಜಿ ನಿನ್ನ ಮನೆಯ ಹತ್ತಿರ ನಿಜವಾಗಿ ಬರ್ತಿದೆಯಾ? ಕೆಟ್ಟರೆ ಸರ್ವಿಸ್ ಸೆಂಟರ್ ಹಿರಿಯೂರಲ್ಲಿದೆಯಾ, ಚಿತ್ರದುರ್ಗಕ್ಕೆ ಹೋಗಬೇಕಾ, ಬೆಂಗಳೂರೇ ಗತಿಯಾ? ಭದ್ರತೆಯ ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ? ಈ ಕೊನೆಯದನ್ನು ಯಾರೂ ಕೇಳೋದಿಲ್ಲ, ಆದರೆ ಬ್ಯಾಂಕಿನ ವ್ಯವಹಾರ ಫೋನಲ್ಲೇ ಮಾಡೋನಿಗೆ ಅದೇ ಮುಖ್ಯ. ಯುರೋಪಿನಲ್ಲಿ 2025ರ ಜೂನ್ 20ರಿಂದ, ಒಂದು ಮಾಡೆಲ್ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು ಅನ್ನೋ ನಿಯಮ ಜಾರಿಯಲ್ಲಿದೆ. ಇಲ್ಲಿ ನೀನೇ ಕೇಳಿ ತಿಳ್ಕೋಬೇಕು.

ದೊಡ್ಡ ದೊಡ್ಡ ಅಂಕಿಗೆ ಮರುಳಾಗಬೇಡ. 50 ಮೆಗಾಪಿಕ್ಸೆಲ್ ಅಂದರೂ ಅಂಥ ಹೆಚ್ಚಿನ ಫೋನುಗಳು ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಸುಮಾರು 12.5 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡೋದು. ‘8 ಪ್ಲಸ್ 8 ರ‍್ಯಾಮ್’ ಅಂದರೆ ನಿಜವಾದ ರ‍್ಯಾಮ್ 8 ಮಾತ್ರ. ಉಳಿದದ್ದು ಸ್ಟೋರೇಜಿನಿಂದ ಎರವಲು ತಂದದ್ದು, ಅಷ್ಟು ವೇಗ ಅದಕ್ಕೆ ಇರೋದಿಲ್ಲ. ಕಡಿಮೆ ಬೆಲೆಯ ಫೋನಲ್ಲಿ ನೀನು ಕೇಳದ ಆಟ, ಸಾಲದ ಆ್ಯಪು ತುಂಬಿದ್ದರೆ, ಲಾಕ್ ಪರದೆ ಮೇಲೇ ಜಾಹೀರಾತು ಬರ್ತಿದ್ದರೆ, ಬೆಲೆಯ ಒಂದು ಪಾಲನ್ನು ನಿನ್ನ ಕಣ್ಣಿನಿಂದ ವಸೂಲಿ ಮಾಡ್ತಿದ್ದಾರೆ ಅಂತ ತಿಳ್ಕೋ. ಇನ್ನೊಂದು ಪರೀಕ್ಷೆ: ಅಂಗಡಿಯ ಬೆಳಕಿನಲ್ಲಿ ಎಲ್ಲ ಪರದೆಯೂ ಫಳಫಳ. ಡೆಮೋ ಫೋನನ್ನು ಬಾಗಿಲ ಹೊರಗೆ ಬಿಸಿಲಿಗೆ ತರಿಸಿ, ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ ಓದು. ನೀನು ಅದನ್ನು ಬಳಸೋದು ಹೊಲದಲ್ಲಿ.

ಚೀಟಿ ಬರೆದ ಮೇಲೆ ಎರಡೇ ಮಾಡೆಲ್ ಗೊತ್ತು ಮಾಡಿಕೊಂಡು ಹೋಗು. ಅವೇ ಬೇಕು ಅನ್ನು. ಜಿಎಸ್‌ಟಿ ಬಿಲ್ ತಗೋ, ಅದರಲ್ಲಿ ಫೋನಿನ ಗುರುತಿನ ಐಎಂಇಐ ಸಂಖ್ಯೆ ಇರಲಿ. *#06# ಒತ್ತಿ ಬರೋ ಸಂಖ್ಯೆಗೂ ಬಿಲ್ಲಿಗೂ ತಾಳೆ ನೋಡು. ಕೆವೈಎಂ ಅನ್ನೋ ಮೂರು ಅಕ್ಷರವನ್ನು ಇಂಗ್ಲಿಷಿನಲ್ಲಿ ಹೊಡೆದು, ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳಿಸಿದರೆ ಫೋನ್ ಅಸಲಿಯೋ ಅಲ್ಲವೋ ತಿಳಿಯುತ್ತೆ. ಹಳೇ ಫೋನ್ ಕೊಳ್ಳೋರಿಗಂತೂ ಇದು ಬೇಕೇ ಬೇಕು. ಮೋಸ ಆಯ್ತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು.

ಆ ಟೀ ಶರ್ಟ್ ಹುಡುಗನ ಮೇಲೆ ಮಾತ್ರ ಸಿಟ್ಟಾಗಬೇಡ. ಅವನೂ ನಮ್ಮಂಥದೇ ಯಾವುದೋ ಹಳ್ಳಿಯವನು, ಡಿಗ್ರಿ ಮುಗಿಸಿ ಹೊಟ್ಟೆಪಾಡಿಗೆ ನಿಂತವನು. ‘ನೀವು ಯಾವ ಕಂಪನಿಯ ಕಡೆಯೋರಪ್ಪಾ? ಬೇರೆ ಕಂಪನಿಯದ್ದೂ ತೋರಿಸಿ’ ಅಂತ ಸಮಾಧಾನವಾಗಿ ಕೇಳು. ನಾಳೆ ನೀನೇ ಆ ಕೆಲಸಕ್ಕೆ ಸೇರಿದರೆ, ಅಕ್ಷರ ಬಾರದ ಅಜ್ಜಿ ಪಿಂಚಣಿ ದುಡ್ಡು ಹಿಡಿದು ಬಂದಾಗ ಅವಳಿಗೆ ಸಾಕಾಗೋ ಫೋನನ್ನೇ ಕೊಡು. ಆ ಒಂದು ಇನ್ಸೆಂಟಿವ್ ಹೋದರೆ ಹೋಗಲಿ, ಅವಳ ಊರಿನ ಹತ್ತು ಮಂದಿ ನಿನ್ನನ್ನೇ ಹುಡುಕಿಕೊಂಡು ಬರ್ತಾರೆ.

ಕೊನೆಯದಾಗಿ, ನಮ್ಮ ಜನ ಸೋಲೋದು ಜಾಹೀರಾತಿಗಿಂತ ಹೆಚ್ಚಾಗಿ ದಾಕ್ಷಿಣ್ಯಕ್ಕೆ. ಪಾಪ, ಅರ್ಧ ಗಂಟೆ ನಿಂತು ತೋರಿಸಿದ, ನೀರು ಕೊಟ್ಟ, ಸುಮ್ಮನೆ ಹೇಗೆ ಎದ್ದು ಬರೋದು ಅನ್ನೋ ಮುಲಾಜಿಗೆ ಬಿದ್ದು ಬೇಡದ ಫೋನಿಗೆ ದುಡ್ಡು ಎಣಿಸ್ತಾರೆ. ತೋರಿಸೋದು ಅವರ ಕೆಲಸ, ಕೊಳ್ಳೋದು ನಿನ್ನ ಹಕ್ಕು. ಚೀಟಿಯಲ್ಲಿ ಬರೆದದ್ದು ಸಿಗದಿದ್ದರೆ ಕೈ ಮುಗಿದು, ‘ಇವತ್ತು ಬೇಡಪ್ಪಾ, ಮನೆಯಲ್ಲಿ ಕೇಳಿ ಬರ್ತೀನಿ’ ಅಂತ ಹೇಳಿ ಬಸ್ ಹತ್ತು. ಬರಿಗೈಲಿ ಬಂದರೆ ಹೋಗೋದು ಬಸ್ ಚಾರ್ಜು ಮಾತ್ರ. ಅದನ್ನು ನಷ್ಟ ಅಂತ ಬರೆದುಕೊಳ್ಳಬೇಡ.