ಮಂಡಿಯ ನೀರು ತಿಳಿಸುವ ರೋಗ



ನೀರಿಲ್ಲದೆ ಬಾಡಿದ ಅಡಿಕೆ ಮರವೂ ಅಣಬೆ ರೋಗ ಹತ್ತಿದ ಮರವೂ ದೂರಕ್ಕೆ ಒಂದೇ ರೀತಿ ಕಾಣುತ್ತವೆ. ಬುಡ ನೋಡದೆ ಬರೀ ನೀರು ಹಾಯಿಸಿದರೆ ಪ್ರಯೋಜನವಿಲ್ಲವೆಂದು ನಾವೆಲ್ಲ ಬಲ್ಲೆವು. ಆದರೆ ಮಂಡಿ ಊದಿದಾಗ ಈ ವಿವೇಕ ಮರೆತು, ವಾಯು ಎಂದು ಒಂದೇ ಹೆಸರಿಟ್ಟು, ಅಂಗಡಿಯ ಮಾತ್ರೆ ನುಂಗುತ್ತೇವೆ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದಲ್ಲಿ ಹರಡಿದಾಗಲೂ ಕೀಲುನೋವೆಲ್ಲ ಅದೇ ಎಂದುಕೊಂಡವರು ಉಂಟು.

ಕೀಲಿನೊಳಗೆ ಗಾಡಿಯ ಅಚ್ಚಿಗೆ ಎಣ್ಣೆಯಿದ್ದಂತೆ ಒಂದು ದ್ರವವಿದೆ. ಆರೋಗ್ಯವಂತರ ಮಂಡಿಯಲ್ಲಿ ಅದು ಒಂದು ಟೀ ಚಮಚಕ್ಕೂ ಕಡಿಮೆ. ತಿಳಿಯಾಗಿ, ಮೊಟ್ಟೆಯ ಬಿಳಿಯಂತೆ ಅಂಟಾಗಿರುತ್ತದೆ. ಮಂಡಿ ಊದಿದಾಗ ವೈದ್ಯರು ಇದನ್ನು ಸೂಜಿಯಿಂದ ತೆಗೆದು ಮುಖ್ಯವಾಗಿ ಮೂರು ಅಂಶ ನೋಡಿಸುತ್ತಾರೆ.

ಮೊದಲನೆಯದು, ಬಿಳಿ ರಕ್ತಕಣಗಳ ಎಣಿಕೆ. ಘನ ಮಿಲಿಮೀಟರಿಗೆ 2,000ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಅದು ಸವೆತದ ಸಂಧಿವಾತ. 2,000ದಿಂದ 50,000ದವರೆಗಿದ್ದರೆ ರುಮಟಾಯ್ಡ್ ಸಂಧಿವಾತ, ಗೌಟ್ ಮೊದಲಾದ ಉರಿಯೂತ. 50,000 ಮೀರಿದರೆ ಕೀವಾಗಿದೆಯೆಂದು ಶಂಕಿಸಬೇಕು. ಆದರೆ ಕಡಿಮೆ ಎಣಿಕೆಯಲ್ಲೂ ಕೀವು ಇರಬಹುದು. ಆದ್ದರಿಂದ ಎಣಿಕೆಯೊಂದೇ ಸಾಲದು.

ಎರಡನೆಯದು, ಹರಳು. 1961ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹಾಲೆಂಡರ್ ಎಂಬ ವೈದ್ಯರು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಗೌಟ್ ರೋಗಿಗಳ ಕೀಲಿನ ದ್ರವದಲ್ಲಿ ಸೂಜಿಯಂಥ ಯೂರೇಟ್ ಹರಳುಗಳನ್ನು ಗುರುತಿಸಿದರು. ನೋವು ಕೆರಳಿದಾಗ ರಕ್ತದ ಯೂರಿಕ್ ಆಮ್ಲ ಸರಿಯಾಗಿಯೇ ಇರಬಹುದು; ಹರಳು ಸಿಕ್ಕರೆ ಮಾತ್ರ ಗೌಟ್ ಖಚಿತ.

ಮೂರನೆಯದು, ರೋಗಾಣು. ಬಣ್ಣ ಹಾಕಿ ನೋಡುವುದಲ್ಲದೆ, ದ್ರವದಲ್ಲಿನ ರೋಗಾಣುವನ್ನು ಬೆಳೆಸಿಯೂ ನೋಡುತ್ತಾರೆ. ಆಂಟಿಬಯಾಟಿಕ್ ಕೊಡುವ ಮೊದಲೇ ದ್ರವ ತೆಗೆದರೆ ಫಲಿತಾಂಶ ಚೆನ್ನು.

ಕ್ಯಾಲ್‌ಪ್ರೊಟೆಕ್ಟಿನ್‌ನಂಥ ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆಗಳೂ ಈಗ ಬರುತ್ತಿವೆ. ಆದರೂ ಈ ಮೂರಕ್ಕೆ ಅವು ಬದಲಿಯಲ್ಲ. ರುಮಟಾಯ್ಡ್‌ಗೆ ರಕ್ತಪರೀಕ್ಷೆಯೂ ಬೇಕು.

ಇದನ್ನು ಬರೆಯಲು ಕಾರಣವಿದೆ. ನಮ್ಮ ತೋಟದಲ್ಲಿ ಗೊನೆ ಇಳಿಸುತ್ತಿದ್ದವರೊಬ್ಬರಿಗೆ ಮಂಡಿ ಊದಿ ಜ್ವರ ಬಂತು. ಉಳುಕೆಂದು ತಿಳಿದು ನಾವೇ ಮಾತ್ರೆ ತರಿಸಿಕೊಟ್ಟು ಹತ್ತು ದಿನ ಕಳೆದೆವು. ತುಮಕೂರಿಗೆ ಕರೆದೊಯ್ದು ನೀರು ತೆಗೆಸಿದಾಗ ಬಂದದ್ದು ಕೀವು. ಜೀವವೇನೋ ಉಳಿಯಿತು; ಮಂಡಿ ಮಡಿಸಲಾಗದೆ ಮರ ಹತ್ತುವ ಕಸುಬು ಹೋಯಿತು. ಆ ತಡ ನಮ್ಮದು.

ಆದ್ದರಿಂದ ಒಂದು ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಕಾಲೂರಲಾಗದಿದ್ದರೆ, ಜ್ವರವಿರಲಿ ಬಿಡಲಿ, ಅಂದೇ ಆಸ್ಪತ್ರೆಗೆ ಹೊರಡಿ. ಗುಬ್ಬಿಯಿಂದಾಗಲಿ ಕುಣಿಗಲ್ಲಿನಿಂದಾಗಲಿ ತುಮಕೂರು ದೂರವಲ್ಲ. "ಮಂಡಿಯ ನೀರು ಪರೀಕ್ಷಿಸಬೇಕೇ, ಡಾಕ್ಟರೇ?" ಎಂದು ಕೇಳಿ. ಅದಕ್ಕೆ ಮೊದಲು ಕೀಲಿಗೆ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಳ್ಳಬೇಡಿ. ಕೆಲಸದವರಿಗೂ ಈ ಮಾತು ಮುಟ್ಟಿಸಿ.

— ಕಾರ್ಯದರ್ಶಿ